ಅಚ್ಚಿಗೆ ಎರೆದ ಸೋಪು, ಬೋರ್‌ವೆಲ್ ನೀರು

ಬಿಳಿ ಪಂಚೆಯ ಮೇಲೆ ಸಾರು ಚೆಲ್ಲಿದರೆ ಅರಿಶಿನದ ಹಳದಿ ಕಲೆ ಕೂರುತ್ತದೆ. ಒಗೆಯುವ ಕಲ್ಲಿನ ಮೇಲೆ ಹರಡಿ ಸೋಪು ತಿಕ್ಕಿದೊಡನೆ ಕಲೆ ಕೆಂಪಾಗುತ್ತದೆ. ಚೆನ್ನಾಗಿ ಜಾಲಿಸಿ ಹಿಂಡಿದರೆ ಮತ್ತೆ ಹಳದಿಗೆ ತಿರುಗುತ್ತದೆ. ಅರಿಶಿನದ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್‌ಗೆ ಕ್ಷಾರ ತಾಗಿದರೆ ಕೆಂಪು, ಕ್ಷಾರ ಹೋದರೆ ಹಳದಿ. ಅರಿಶಿನಕ್ಕೆ ಸುಣ್ಣ ಬೆರೆಸಿ ಕುಂಕುಮ ಮಾಡುವುದೂ ಇದೇ ಗುಣವನ್ನು ನಂಬಿ. ಸೋಪು ಕ್ಷಾರೀಯ ವಸ್ತು ಎಂಬ ಪಾಠ ಹೀಗೆ ಪ್ರತಿ ಮನೆಯ ಬಚ್ಚಲಲ್ಲೂ ದಿನಾ ನಡೆಯುತ್ತಿದೆ.

ಈಗ ಅದೇ ಅರಿಶಿನವನ್ನು ಸೋಪಿನ ಒಳಗೇ ಬೆರೆಸಲು ಹೊರಟವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಅಂಗಡಿಯಿಂದಲೋ ಕೊರಿಯರ್‌ನಲ್ಲೋ ‘ಸೋಪ್ ಬೇಸ್’ ತರಿಸಿ, ಕರಗಿಸಿ, ಬೇವಿನ ಪುಡಿಯನ್ನೋ ಅರಿಶಿನವನ್ನೋ ಸೇರಿಸಿ, ಅಚ್ಚಿಗೆ ಎರೆದು ಸೋಪು ಮಾಡುವ ಮೆಲ್ಟ್ ಅಂಡ್ ಪೋರ್ ವಿಧಾನ ಮನೆಯ ಅಡುಗೆಕೋಣೆಗೆ ಬಂದಿದೆ. ಹೊಸಬರಿಗೆ ಇದಕ್ಕಿಂತ ಸುರಕ್ಷಿತ ಆರಂಭವಿಲ್ಲ. ಆದರೆ ತುಮಕೂರು ಜಿಲ್ಲೆಯ ಬಯಲುಸೀಮೆಯ ನಾಲ್ಕು ತಾಲ್ಲೂಕುಗಳಾದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಲ್ಲಿ ಕೂತು ಈ ಕೆಲಸ ಮಾಡುವವರು ಎರಡು ಸಂಗತಿಗಳನ್ನು ಮೊದಲೇ ತಿಳಿದಿರಬೇಕು. ಒಂದು, ಬೇಸ್‌ನಲ್ಲಿ ಸೋಪಾಗುವ ರಾಸಾಯನಿಕ ಕ್ರಿಯೆ ಆಗಲೇ ಮುಗಿದಿದೆ. ಎರಡು, ಆ ಸೋಪು ನೊರೆ ಕೊಡುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ನಮ್ಮ ಬೋರ್‌ವೆಲ್ ನೀರು.

ಮುಗಿದ ಕ್ರಿಯೆ

ಎಣ್ಣೆಯ ಒಂದು ಅಣುವಿನಲ್ಲಿ ಮೂರು ಕೊಬ್ಬಿನಾಮ್ಲಗಳು ಒಂದು ಗ್ಲಿಸರಿನ್‌ಗೆ ಅಂಟಿಕೊಂಡಿರುತ್ತವೆ. ಕಾಸ್ಟಿಕ್ ಸೋಡ ಆ ಬೆಸುಗೆಯನ್ನು ಬಿಡಿಸುತ್ತದೆ. ಬೇರೆಯಾದ ಕೊಬ್ಬಿನಾಮ್ಲ ಸೋಡಿಯಂ ಜೊತೆ ಸೇರಿ ಸೋಪಾಗುತ್ತದೆ, ಗ್ಲಿಸರಿನ್ ಬಿಡಿಯಾಗಿ ಉಳಿಯುತ್ತದೆ. ಎಣ್ಣೆ ಮತ್ತು ಕೊಬ್ಬಿನ ಈ ರಚನೆಯನ್ನು ಬಿಡಿಸಿ ತೋರಿಸಿದವನು ಫ್ರಾನ್ಸಿನ ಮಿಷೆಲ್ ಷೆವ್ರಲ್. ಅವನ ಗ್ರಂಥ ಪ್ರಕಟವಾದದ್ದು 1823ರಲ್ಲಿ. ಅಲ್ಲಿಯವರೆಗೆ ಸಾವಿರಾರು ವರ್ಷ ಜಗತ್ತು ಸೋಪು ಬೇಯಿಸಿದ್ದೆಲ್ಲ ಕೈಯ ಅಂದಾಜಿನಿಂದಲೇ.

ಯಾವ ಎಣ್ಣೆಗೆ ಎಷ್ಟು ಕಾಸ್ಟಿಕ್ ಬೇಕು ಎಂಬುದಕ್ಕೆ ಖಚಿತ ಲೆಕ್ಕವಿದೆ. ಒಂದು ಕಿಲೋ ಕೊಬ್ಬರಿ ಎಣ್ಣೆ ಪೂರ್ತಿ ಸೋಪಾಗಲು ಸುಮಾರು 183 ಗ್ರಾಂ ಕಾಸ್ಟಿಕ್ ಸೋಡ ಬೇಕು. ಅದೇ ಒಂದು ಕಿಲೋ ಕಡ್ಲೆಕಾಯಿ ಎಣ್ಣೆಗೆ ಸುಮಾರು 136 ಗ್ರಾಂ ಸಾಕು. ಕೊಬ್ಬರಿ ಎಣ್ಣೆಯ ಅಣುಗಳು ಚಿಕ್ಕವು. ಆದ್ದರಿಂದ ಒಂದೇ ತೂಕದಲ್ಲಿ ಹೆಚ್ಚು ಅಣುಗಳಿರುತ್ತವೆ, ಹೆಚ್ಚು ಕ್ಷಾರ ಕೇಳುತ್ತವೆ. ಲೆಕ್ಕ ತಪ್ಪಿ ಕಾಸ್ಟಿಕ್ ಉಳಿದರೆ ಚರ್ಮ ಸುಡುತ್ತದೆ. ಎಣ್ಣೆ ಹೆಚ್ಚು ಉಳಿದರೆ ಸೋಪು ಜಿಡ್ಡಾಗಿ, ಕ್ರಮೇಣ ಕಮಟು ವಾಸನೆ ಹಿಡಿಯುತ್ತದೆ.

ಬೇಸ್ ತಯಾರಿಸುವ ಕಾರ್ಖಾನೆ ಈ ಅಪಾಯದ ಘಟ್ಟವನ್ನು ನಮ್ಮ ಪರವಾಗಿ ದಾಟಿರುತ್ತದೆ. ಆಮೇಲೆ ಆ ಸೋಪಿಗೆ ಇನ್ನಷ್ಟು ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್, ಸಾರ್ಬಿಟಾಲ್, ನೀರು, ಕೆಲವೊಮ್ಮೆ ಸಕ್ಕರೆ ಸೇರಿಸುತ್ತದೆ. ಬೇಸ್ ಕರಗುವುದು ಇವುಗಳ ದೆಸೆಯಿಂದಲೇ. ಅಂಗಡಿಯ ಮಾಮೂಲಿ ಸೋಪನ್ನು ತುರಿದು ಒಲೆಯ ಮೇಲಿಟ್ಟರೆ ಮುದ್ದೆ ಕಟ್ಟುತ್ತದೆಯೇ ಹೊರತು ಎರೆಯುವಷ್ಟು ತೆಳುವಾಗುವುದಿಲ್ಲ. ಬೇಸ್‌ನಲ್ಲಾದರೋ ಸೋಪಿನ ಸೂಕ್ಷ್ಮ ಎಳೆಗಳು ಹೆಣೆದುಕೊಂಡ ಜಾಲವೊಂದಿದ್ದು, ಮೊಸರಿನಲ್ಲಿ ಪ್ರೋಟೀನಿನ ಜಾಲ ನೀರನ್ನು ಹಿಡಿದಿಟ್ಟಂತೆ, ಅದು ಗ್ಲಿಸರಿನ್ ಮತ್ತು ನೀರನ್ನು ಹಿಡಿದಿಟ್ಟಿರುತ್ತದೆ. ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಜಾಲ ಬಿಚ್ಚಿಕೊಳ್ಳುತ್ತದೆ, ಆರಿದಾಗ ಮತ್ತೆ ಹೆಣೆದುಕೊಳ್ಳುತ್ತದೆ. ಆ ಎಳೆಗಳು ಬೆಳಕಿನ ಅಲೆಯುದ್ದಕ್ಕಿಂತ ಸಣ್ಣವಾಗಿದ್ದರೆ ಬೆಳಕು ಚದುರದೆ ಹಾದುಹೋಗಿ ಸೋಪು ಪಾರದರ್ಶಕವಾಗಿ ಕಾಣುತ್ತದೆ. ಬಿಳಿ ಬೇಸ್ ಎಂದು ಮಾರುವುದು ಸಾಮಾನ್ಯವಾಗಿ ಇದಕ್ಕೇ ಟೈಟೇನಿಯಂ ಡೈಆಕ್ಸೈಡ್ ಪುಡಿ ಬೆರೆಸಿದ್ದು.

ಚೌಳು ಮಣ್ಣಿನಿಂದ ಸ್ಯಾಂಡಲ್ ಸೋಪಿನವರೆಗೆ

ಬಯಲುಸೀಮೆಗೆ ಕ್ಷಾರ ಹೊಸತಲ್ಲ. ಮಳೆ ಕಡಿಮೆ, ಬಿಸಿಲು ಜಾಸ್ತಿ ಇರುವ ಕಡೆ ತಗ್ಗಿನ ಹೊಲಗಳಲ್ಲಿ ನೀರು ಆವಿಯಾಗಿ ಲವಣ ಮೇಲೆ ಬಂದು ಬೆಳ್ಳಗೆ ಹೆಪ್ಪುಗಟ್ಟುತ್ತದೆ. ಅದೇ ಚೌಳು. ಬೆಳೆಗೆ ಶತ್ರುವಾದ ಈ ಮಣ್ಣು ಮಡಿವಾಳರಿಗೆ ನೆರವಾಗಿತ್ತು, ಏಕೆಂದರೆ ಅದರಲ್ಲಿ ಸೋಡಿಯಂ ಕಾರ್ಬೊನೇಟ್ ಇರುತ್ತದೆ. ಬಟ್ಟೆಯನ್ನು ಚೌಳಿನ ನೀರಿನಲ್ಲಿ ಅದ್ದಿ, ಪೇರಿಸಿ, ಹಬೆಯಲ್ಲಿ ಬೇಯಿಸುವ ‘ಉಬ್ಬೆ’ಯಲ್ಲಿ ನಡೆಯುತ್ತಿದ್ದುದೂ ಸೋಪಿನ ರಸಾಯನವೇ. ಮೈಯ ಜಿಡ್ಡಿನಲ್ಲಿರುವ ಬಿಡಿ ಕೊಬ್ಬಿನಾಮ್ಲಗಳು ಬಿಸಿ ಕ್ಷಾರಕ್ಕೆ ಸಿಕ್ಕಿ ಬಟ್ಟೆಯ ನೂಲಿನಲ್ಲೇ ಸೋಪಾಗಿ, ಉಳಿದ ಕೊಳೆಯನ್ನೂ ಎತ್ತಿಕೊಂಡು ಹೋಗುತ್ತಿದ್ದವು. ಇದೇ ಬಗೆಯ ಸೋಡ ಗಾಜಿಗೂ ಬೇಕು. ಚಿತ್ರದುರ್ಗ ಜಿಲ್ಲೆಯ ಹೊಸದುರ್ಗದ ಬಳಿಯ ಮತ್ತೋಡಿನಲ್ಲಿ ಗಾಜಿನ ಬಳೆ ಮಾಡುತ್ತಿದ್ದುದನ್ನು ಫ್ರಾನ್ಸಿಸ್ ಬುಕಾನನ್ ತನ್ನ 1800-01ರ ಪ್ರವಾಸದ ಬರಹದಲ್ಲಿ ದಾಖಲಿಸಿದ್ದಾನೆ.

ಕಾರ್ಖಾನೆಯ ಸೋಪು ಮೈಸೂರು ಸೀಮೆಯಲ್ಲಿ ಬೇರೂರಿದ್ದು ಮೊದಲ ಮಹಾಯುದ್ಧದ ಕಾಲದಲ್ಲಿ. ಯುದ್ಧದಿಂದ ಶ್ರೀಗಂಧದ ರಫ್ತು ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಆಡಳಿತ ಎಣ್ಣೆಯನ್ನು ಇಲ್ಲಿಯೇ ತೆಗೆಯಲು ತೀರ್ಮಾನಿಸಿತು. ಸೋಪಿನ ತಂತ್ರ ಕಲಿಯಲು ಎಸ್.ಜಿ. ಶಾಸ್ತ್ರಿಯವರನ್ನು ಇಂಗ್ಲೆಂಡಿಗೆ ಕಳಿಸಲಾಯಿತು. ಮೈಸೂರು ಸ್ಯಾಂಡಲ್ ಸೋಪು ಹುಟ್ಟಿದ್ದು ಹಾಗೆ. ನಮ್ಮ ಮಣ್ಣಿನ ಒಂದು ವಸ್ತುವನ್ನು ಕಚ್ಚಾ ರೂಪದಲ್ಲಿ ಮಾರುವ ಬದಲು, ಅದರ ರಸಾಯನ ಕಲಿತು ಬಳಸಿಕೊಂಡ ಕಥೆ ಅದು. ಅಚ್ಚಿಗೆ ಸೋಪು ಎರೆಯುವವರು ನೆನಪಿಡಬೇಕಾದ ಮಾದರಿಯೂ ಅದೇ.

ಕರಗಿಸುವ ಹದ

ಒಂದು ಕಿಲೋ ಬೇಸನ್ನು ಸಣ್ಣ ತುಂಡುಗಳಾಗಿ ಹೆಚ್ಚಿ ಸ್ಟೀಲ್ ಪಾತ್ರೆಗೆ ಹಾಕಿ, ಆ ಪಾತ್ರೆಯನ್ನು ಬಿಸಿ ನೀರಿನ ಇನ್ನೊಂದು ಪಾತ್ರೆಯಲ್ಲಿಡಬೇಕು. ನೇರ ಉರಿ ಬೇಡ. ಬೇಸ್ ಕುದಿಯಲೂ ಬಾರದು. ಕುದಿದರೆ ಅದರಲ್ಲಿರುವ ನೀರು ಆವಿಯಾಗುತ್ತದೆ, ಮತ್ತೆ ಗಟ್ಟಿಯಾದಾಗ ಸೋಪು ನಾರುನಾರಾಗಿ ಹಳದಿಗಟ್ಟುತ್ತದೆ. ಸೌಟಿನಿಂದ ನಿಧಾನವಾಗಿ ತಿರುವಿದರೆ ಗಾಳಿಗುಳ್ಳೆ ಕಡಿಮೆ.

ಪುಡಿ ಬೆರೆಸುವಾಗ ಉಷ್ಣತೆಯ ಲೆಕ್ಕ ಕಣ್ಣಿಗೇ ಕಾಣುತ್ತದೆ. 65 ಡಿಗ್ರಿಯಲ್ಲಿ ಬೇವಿನ ಪುಡಿ ಹಾಕಿ ಒಡನೆ ಎರೆದರೆ, ಸೋಪು ಗಟ್ಟಿಯಾಗುವಷ್ಟರಲ್ಲಿ ಪುಡಿಯೆಲ್ಲ ತಳ ಸೇರಿ ಒಂದು ಹಸಿರು ಪದರವಾಗುತ್ತದೆ. ಅದೇ ಬೇಸನ್ನು 50 ಡಿಗ್ರಿಯ ಆಸುಪಾಸಿಗೆ ಇಳಿಸಿ, ಕೆನೆ ಕಟ್ಟುವ ಮೊದಲೇ ಎರೆದರೆ ಪುಡಿ ಎಲ್ಲ ಕಡೆ ಸಮವಾಗಿ ನಿಲ್ಲುತ್ತದೆ. ದ್ರವ ಮಂದವಾದಷ್ಟೂ ಕಣ ಮುಳುಗುವ ವೇಗ ಕಡಿಮೆ. 19ನೆಯ ಶತಮಾನದಲ್ಲಿ ಜಾರ್ಜ್ ಸ್ಟೋಕ್ಸ್ ಕೊಟ್ಟ ಈ ನಿಯಮ ಕೆರೆಯಲ್ಲಿ ಹೂಳು ಕೂರುವುದಕ್ಕೂ ಸೋಪಿನ ಅಚ್ಚಿಗೂ ಒಂದೇ ರೀತಿ ಅನ್ವಯಿಸುತ್ತದೆ. ಪುಡಿಯನ್ನು ಮೊದಲು ಸ್ವಲ್ಪ ಗ್ಲಿಸರಿನ್‌ನಲ್ಲಿ ಕಲಸಿಕೊಂಡರೆ ಗಂಟು ಕಟ್ಟುವುದಿಲ್ಲ. ಸುಗಂಧ ತೈಲವನ್ನೂ ಕೊನೆಯಲ್ಲಿ, ಬಿಸಿ ಇಳಿದ ಮೇಲೆ ಹಾಕಬೇಕು, ಇಲ್ಲವಾದರೆ ಪರಿಮಳ ಸೋಪಿಗೆ ಬರದೆ ಅಡುಗೆಮನೆಗೆ ಹರಡಿಹೋಗುತ್ತದೆ. ಕಿಲೋಗೆ 20 ಗ್ರಾಂ ದಾಟುವ ಅಗತ್ಯವಿಲ್ಲ. ಎರೆದ ಮೇಲೆ ಮೇಲ್ಮೈಗೆ ಸ್ಪಿರಿಟ್ ಸಿಂಪಡಿಸಿದರೆ ಗುಳ್ಳೆಗಳು ಒಡೆಯುತ್ತವೆ. ಹತ್ತಿರ ಉರಿ ಇರಬಾರದು ಎಂಬುದನ್ನು ಮರೆಯಬಾರದು.

ಅಚ್ಚಿನಿಂದ ಬಿಡಿಸಿದ ಸೋಪನ್ನು ಅಂದೇ ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಬೇಕು. ಗ್ಲಿಸರಿನ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಪಾವಗಡದ ಒಣ ಬೇಸಿಗೆಯಲ್ಲಿ ಈ ತೊಂದರೆ ಅಷ್ಟಾಗಿ ಕಾಣದು. ಮುಂಗಾರು ಮೋಡ ಕಟ್ಟಿದ ದಿನಗಳಲ್ಲಿ ಸುತ್ತದೆ ಬಿಟ್ಟ ಸೋಪಿನ ಮೈಮೇಲೆ ಹನಿ ಕೂರುತ್ತದೆ. ಸೋಪು ಕೆಟ್ಟಿದೆಯೆಂದು ಗಾಬರಿಪಡಬೇಕಿಲ್ಲ, ಆದರೆ ಅಂಗಡಿಗೆ ಕೊಡಲು ಅದು ಲಾಯಕ್ಕಲ್ಲ.

ಏನು ಬೆರೆಸಬಹುದು, ಏನು ಬಾರದು

ಇಲ್ಲಿಯೇ ಹೆಚ್ಚಿನವರು ಎಡವುವುದು. ಗಾಣದ ಕಡ್ಲೆಕಾಯಿ ಎಣ್ಣೆ, ಹೊಂಗೆ, ಬೇವು, ಹಿಪ್ಪೆ ಎಲ್ಲವೂ ಈ ಸೀಮೆಯಲ್ಲಿ ಸಿಗುತ್ತವೆ. ಅವನ್ನು ಬೇಸ್‌ಗೆ ಧಾರಾಳವಾಗಿ ಸುರಿದರೆ ಒಳ್ಳೆಯ ನಾಟಿ ಸೋಪಾಗುತ್ತದೆ ಎಂದು ಅನ್ನಿಸುವುದು ಸಹಜ. ಆದರೆ ಎಣ್ಣೆಯನ್ನು ಸೋಪಾಗಿಸುವ ಕಾಸ್ಟಿಕ್ ಬೇಸ್‌ನಲ್ಲಿ ಉಳಿದಿಲ್ಲ. ಹೊಸದಾಗಿ ಹಾಕಿದ ಎಣ್ಣೆ ಎಣ್ಣೆಯಾಗಿಯೇ ಉಳಿದು ನೊರೆಯನ್ನು ಕೊಲ್ಲುತ್ತದೆ. ಪ್ರಮಾಣ ಹೆಚ್ಚಾದರೆ ಬೇರ್ಪಟ್ಟು ಮೇಲೆ ತೇಲುತ್ತದೆ. ಅರ್ಧ ಕಿಲೋ ಬೇಸ್‌ಗೆ ಒಂದು ಟೀ ಚಮಚ ಎಣ್ಣೆ ಸಾಕು. ಬೇವಿನ ಎಣ್ಣೆಯಿಂದ ನಿಜವಾದ ಬೇವಿನ ಸೋಪು ಬೇಕೆಂದರೆ ಆ ಎಣ್ಣೆ ಕಾಸ್ಟಿಕ್ ಜೊತೆ ಮೊದಲಿನಿಂದಲೇ ಕೂಡಬೇಕು.

ಹಸಿ ಲೋಳೆಸರ, ಹಸಿ ಹಾಲು, ರುಬ್ಬಿದ ಸೊಪ್ಪು ಹಾಕುವುದೂ ತಪ್ಪು. ಅವು ತರುವ ನೀರು ಮತ್ತು ಸಕ್ಕರೆಯಂಶ ಬೂಷ್ಟಿಗೆ ಆಹಾರ. ಸೊಪ್ಪಿನ ಹಸಿರು ಸೋಪಿನಲ್ಲಿ ನಿಲ್ಲದೆ ಕೆಲವೇ ವಾರಗಳಲ್ಲಿ ಕಂದಾಗುತ್ತದೆ. ನೆರಳಲ್ಲಿ ಒಣಗಿಸಿ ವಸ್ತ್ರಗಾಳಿತ ಮಾಡಿದ ಪುಡಿ ಲೇಸು. ಅರಿಶಿನದ ವಿಚಾರ ಮೊದಲೇ ನೋಡಿದೆವು. ಸೋಪಿನ ಪಿಎಚ್ ಸಾಮಾನ್ಯವಾಗಿ 9ರಿಂದ 10. ಅಷ್ಟು ಕ್ಷಾರದಲ್ಲಿ ಅರಿಶಿನ ಹಳದಿಯಾಗಿ ಉಳಿಯದೆ ಕಿತ್ತಳೆಗೋ ಇಟ್ಟಿಗೆ ಬಣ್ಣಕ್ಕೋ ಜಾರುತ್ತದೆ. ಮೇಲಾಗಿ ಬೆಳಕಿಗೆ ಕರ್ಕ್ಯುಮಿನ್ ಮಾಸುತ್ತದೆ. ಅಚ್ಚ ಹಳದಿ ಉಳಿದಿರುವ ‘ಅರಿಶಿನ ಸೋಪು’ ಕಂಡರೆ ಬೇರೆ ಬಣ್ಣ ಸೇರಿದೆಯೇ ಎಂದು ಕೇಳುವ ಹಕ್ಕು ಕೊಳ್ಳುವವರಿಗಿದೆ.

ಕೊರಟಗೆರೆ ತಾಲ್ಲೂಕಿನ ಸಿದ್ಧರಬೆಟ್ಟ ಗಿಡಮೂಲಿಕೆಗಳಿಗೆ ಹೆಸರಾದ ಜಾಗ. ಅಂಥ ಹೆಸರಿನ ಬಲದಿಂದ ಸೋಪನ್ನು ಔಷಧಿಯೆಂದು ಮಾರುವ ಆಸೆ ಹುಟ್ಟಬಹುದು. ಸೋಪು ಮೈಮೇಲೆ ಇರುವುದು ನಿಮಿಷ ಎರಡು ನಿಮಿಷ, ಆಮೇಲೆ ನೀರಿನ ಜೊತೆ ಹೋಗುತ್ತದೆ. ಕಜ್ಜಿ, ತುರಿಕೆ ವಾಸಿಮಾಡುತ್ತದೆಂದು ಹೇಳಲು ವಿಜ್ಞಾನವೂ ಒಪ್ಪದು, ಕಾನೂನೂ ಒಪ್ಪದು. ಸೋಪು ನಮ್ಮಲ್ಲಿ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯ್ದೆಯೊಳಗೆ ಬರುತ್ತದೆ. ಮಾರಾಟಕ್ಕೆ ತಯಾರಿಸುವವರು 2020ರ ಕಾಸ್ಮೆಟಿಕ್ಸ್ ನಿಯಮಗಳಂತೆ ಪರವಾನಗಿ ಪಡೆಯಬೇಕು.

ಗಡಸು ನೀರಿನ ಲೆಕ್ಕ

ಇನ್ನು ನೀರು. ಮಧುಗಿರಿಯ ಏಕಶಿಲಾ ಬೆಟ್ಟದಿಂದ ಪಾವಗಡದ ಗುಡ್ಡಗಳವರೆಗೆ ಈ ನೆಲದ ಅಡಿಯಲ್ಲಿರುವುದು ಗ್ರಾನೈಟ್ ಮತ್ತು ನೈಸ್ ಶಿಲೆ. ಮಳೆನೀರು ಮಣ್ಣಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತಾಗ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅದರಲ್ಲಿ ಕರಗುತ್ತವೆ. ಸ್ನಾನದ ಹಂಡೆಯ ಒಳಗೋಡೆಗೆ ಕಟ್ಟುವ ಬಿಳಿ ಪರೆ ಇವುಗಳದ್ದೇ.

ಸೋಪಿನ ಅಣುವಿಗೆ ಸೋಡಿಯಂಗಿಂತ ಕ್ಯಾಲ್ಸಿಯಂ ಮೇಲೆ ಒಲವು ಹೆಚ್ಚು. ಒಂದು ಕ್ಯಾಲ್ಸಿಯಂ ಎರಡು ಸೋಪಿನ ಅಣುಗಳನ್ನು ಹಿಡಿದು, ನೀರಿನಲ್ಲಿ ಕರಗದ ಬಿಳಿ ಗಷ್ಟಾಗಿಸುತ್ತದೆ. ಬಕೆಟ್ಟಿನ ಅಂಚಿಗೆ ಅಂಟುವ, ಕೂದಲನ್ನು ಬಿರುಸಾಗಿಸುವ, ಬಿಳಿ ಬಟ್ಟೆಯನ್ನು ಬೂದಿಯ ಬಣ್ಣಕ್ಕೆ ತರುವ ಜಿಗುಟು ಅದೇ. ಲೆಕ್ಕ ಹಾಕೋಣ. ಕುಡಿಯುವ ನೀರಿನ ಭಾರತೀಯ ಮಾನಕದಂತೆ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರಿಲ್ಲದಿದ್ದರೆ 600ರವರೆಗೆ ಒಪ್ಪಬಹುದು. ನಡುವಿನ 300 ಮಿಲಿಗ್ರಾಂ ಎಂದಿಟ್ಟುಕೊಳ್ಳಿ. ಆ ನೀರಿನ ಒಂದು ಲೀಟರಿನಲ್ಲಿರುವ ಕ್ಯಾಲ್ಸಿಯಂ ಸುಮಾರು 1.8 ಗ್ರಾಂ ಸೋಪನ್ನು ನುಂಗುತ್ತದೆ. ಬಟ್ಟೆ ನೆನೆಸಲು ತುಂಬಿದ 15 ಲೀಟರ್ ಬಕೆಟ್ಟಿಗೆ 27 ಗ್ರಾಂ. ನೂರು ಗ್ರಾಂ ಸೋಪಿನ ಕಾಲು ಭಾಗಕ್ಕಿಂತ ಹೆಚ್ಚು, ಒಂದು ಕೊಳೆಯನ್ನೂ ತೆಗೆಯುವ ಮೊದಲೇ ಹೋಯಿತು! ಬೇಸ್‌ನಿಂದ ಮಾಡಿದ ಸೋಪಿನಲ್ಲಿ ಗ್ಲಿಸರಿನ್, ನೀರು ಹೆಚ್ಚಿದ್ದು ನಿಜವಾದ ಸೋಪಿನ ಪಾಲು ಕಡಿಮೆ ಇರುವುದರಿಂದ ಅದು ಇನ್ನೂ ಬೇಗ ಸವೆಯುತ್ತದೆ.

ಬೇಸ್ ಕೊಳ್ಳುವಾಗ ನೀರನ್ನು ನೆನಪಿಡಬೇಕು ಎನ್ನುವುದು ಇದಕ್ಕೇ. ಸೋಡಿಯಂ ಲಾರೆತ್ ಸಲ್ಫೇಟ್‌ನಂಥ ಮಾರ್ಜಕ ಸೇರಿದ ಬೇಸ್ ಗಡಸು ನೀರಿನಲ್ಲೂ ನೊರೆ ಕೊಡುತ್ತದೆ, ಅದರ ಕ್ಯಾಲ್ಸಿಯಂ ಲವಣ ನೀರಿನಲ್ಲಿ ಕರಗುವುದೇ ಕಾರಣ. ‘ಸಲ್ಫೇಟ್ ಇಲ್ಲ’ ಎಂದು ಹೆಚ್ಚು ಬೆಲೆಗೆ ಮಾರುವ ಬೇಸ್ ಮಳೆನೀರಿನಲ್ಲಿ ಚೆನ್ನಾಗಿ ನಡೆದು, ಶಿರಾದ ಬೋರ್‌ವೆಲ್ ನೀರಿನಲ್ಲಿ ಗಷ್ಟು ಕಟ್ಟಬಹುದು. ಒಣ ಚರ್ಮದವರಿಗೆ ಸಲ್ಫೇಟ್ ಒಗ್ಗದಿರಬಹುದು, ನೊರೆ ಬೇಕಾದವರಿಗೆ ಅದಿಲ್ಲದೆ ಆಗದಿರಬಹುದು. ಎರಡನ್ನೂ ತೂಗಿ ನೋಡುವುದು ತಯಾರಿಸುವವರ ಕೆಲಸ.

ಹಿರಿಯರು ಕೂದಲಿಗೆ ಸೀಗೆಕಾಯಿ, ರೇಷ್ಮೆ ಮತ್ತು ಉಣ್ಣೆಗೆ ಅಂಟುವಾಳ ಬಳಸಿದ್ದರ ಹಿಂದೆಯೂ ಇದೇ ಜಾಣತನ ಕಾಣುತ್ತದೆ. ಅವುಗಳ ನೊರೆಗೆ ಕಾರಣವಾದ ಸಾಪೊನಿನ್ ಕ್ಯಾಲ್ಸಿಯಂ ಜೊತೆ ಸೋಪಿನಂತೆ ಗಷ್ಟು ಕಟ್ಟುವುದಿಲ್ಲ. ಗಡಸು ನೀರಿನ ಸೀಮೆಗೆ ಇದಕ್ಕಿಂತ ಹೊಂದುವ ತಲೆಸ್ನಾನದ ವಸ್ತು ಸಿಗುವುದು ಕಷ್ಟ.

ನಿಮ್ಮ ನೀರಿನ ಗುಣ ತಿಳಿಯಲು ಪ್ರಯೋಗಾಲಯವೇ ಬೇಕಿಲ್ಲ. ಸ್ಕಾಟ್ಲೆಂಡಿನ ಥಾಮಸ್ ಕ್ಲಾರ್ಕ್ 19ನೆಯ ಶತಮಾನದಲ್ಲಿ ರೂಪಿಸಿದ ಪರೀಕ್ಷೆಯನ್ನು ಮನೆಯಲ್ಲೇ ಮಾಡಬಹುದು. ತುರಿದ ಸೋಪನ್ನು ಸ್ಪಿರಿಟ್‌ನಲ್ಲಿ ಕರಗಿಸಿಕೊಳ್ಳಿ. ಒಂದೇ ಅಳತೆಯ ಬಾಟಲಿಗಳಲ್ಲಿ ಮಳೆನೀರು, ಕೆರೆಯ ನೀರು, ಬೋರ್‌ವೆಲ್ ನೀರು, ಶುದ್ಧ ನೀರಿನ ಘಟಕದ ನೀರು ಸಮನಾಗಿ ತೆಗೆದುಕೊಳ್ಳಿ. ಹನಿ ಹನಿ ಸೋಪಿನ ದ್ರಾವಣ ಹಾಕಿ ಕುಲುಕುತ್ತಾ ಹೋಗಿ. ಐದು ನಿಮಿಷ ಇಂಗದೆ ನಿಲ್ಲುವ ನೊರೆಗೆ ಎಷ್ಟು ಹನಿ ಬೇಕಾಯಿತು ಎಂಬುದೇ ಆ ನೀರಿನ ಗಡಸುತನದ ಅಳತೆ. ಶಾಲೆಯ ಮಕ್ಕಳಿಗೂ ಮಾಡಿಸಬಹುದು.

ನೊರೆ ಬಂದ ನೀರೆಲ್ಲ ಒಳ್ಳೆಯದಲ್ಲ

ಈ ಪರೀಕ್ಷೆಯ ಜೊತೆಗೆ ಒಂದು ಎಚ್ಚರಿಕೆ ಹೇಳಲೇಬೇಕು. ಪಾವಗಡ ಸೀಮೆಯ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವುದು ಎಲ್ಲರಿಗೂ ತಿಳಿದ ಸಂಕಟ. ಹಲ್ಲಿನ ಕಂದು ಗೆರೆ, ಬಾಗಿದ ಮೂಳೆ ಅದರ ಗುರುತು. ಫ್ಲೋರೈಡ್‌ನ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಕ್ಯಾಲ್ಸಿಯಂ ಮತ್ತು ಫ್ಲೋರೈಡ್ ಒಂದೇ ನೀರಿನಲ್ಲಿ ಹೆಚ್ಚಾಗಿ ಕೂಡಿ ಇರಲಾರವು, ಸೇರಿದರೆ ಕ್ಯಾಲ್ಸಿಯಂ ಫ್ಲೋರೈಡ್ ಆಗಿ ತಳಕ್ಕೆ ಇಳಿಯುತ್ತವೆ. ಆದ್ದರಿಂದ ಫ್ಲೋರೈಡ್ ತುಂಬಿದ ನೀರು ಎಷ್ಟೋ ವೇಳೆ ಕ್ಯಾಲ್ಸಿಯಂ ಕಡಿಮೆಯಿರುವ, ಸೋಪಿಗೆ ಸೊಗಸಾಗಿ ನೊರೆ ಕೊಡುವ ಮೆದು ನೀರಾಗಿರುತ್ತದೆ. ನೊರೆ ನೋಡಿ ಕುಡಿಯುವ ನೀರನ್ನು ಆರಿಸಬೇಡಿ. ಆ ನೀರಿನಲ್ಲಿ ಸ್ನಾನ ಮಾಡಬಹುದು, ಬಟ್ಟೆ ಒಗೆಯಬಹುದು. ಕುಡಿಯುವುದಕ್ಕೂ ಅಡುಗೆಗೂ ಮಾತ್ರ ಪರೀಕ್ಷೆ ಮಾಡಿಸಿದ ನೀರೇ ಆಗಬೇಕು.

ಮುಂದಿನ ಹೆಜ್ಜೆ

ಕರಗಿಸಿ ಎರೆಯುವುದರಲ್ಲಿ ಕೈ ಪಳಗಿದವರು ಬೇಸ್‌ಗೇ ನಿಲ್ಲಬೇಕಿಲ್ಲ. ಕೊಬ್ಬರಿಗೆ ಹೆಸರಾದ ತಿಪಟೂರು ಇದೇ ಜಿಲ್ಲೆಯಲ್ಲಿದೆ. ಕೊಬ್ಬರಿ ಎಣ್ಣೆಯಲ್ಲಿ ಸುಮಾರು ಅರ್ಧದಷ್ಟಿರುವ ಲಾರಿಕ್ ಆಮ್ಲ ಗಟ್ಟಿಯಾದ, ಉಪ್ಪು ನೀರಿನಲ್ಲೂ ನೊರೆ ಕೊಡುವ ಸೋಪನ್ನು ನೀಡುತ್ತದೆ. ಅದೊಂದೇ ಆದರೆ ಚರ್ಮ ಒಣಗುತ್ತದೆ, ಕಡ್ಲೆಕಾಯಿ ಎಣ್ಣೆ ಸೇರಿದರೆ ಮೃದುವಾಗುತ್ತದೆ. ಲೆಕ್ಕಕ್ಕಿಂತ ನೂರಕ್ಕೆ ಐದರಷ್ಟು ಕಾಸ್ಟಿಕ್ ಕಡಿಮೆ ಹಾಕುವುದು ರೂಢಿ, ಹಾಗೆ ಮಾಡಿದರೆ ಕ್ಷಾರ ಉಳಿಯುವ ಭಯವಿಲ್ಲ. ಆದರೆ ಕಾಸ್ಟಿಕ್ ಹಗುರಾಗಿ ತೆಗೆದುಕೊಳ್ಳುವ ವಸ್ತುವಲ್ಲ. ಕನ್ನಡಕ, ಕೈಗವಸು ಇರಲೇಬೇಕು. ನೀರಿಗೆ ಕಾಸ್ಟಿಕ್ ಹಾಕಬೇಕೇ ಹೊರತು ಕಾಸ್ಟಿಕ್‌ಗೆ ನೀರು ಸುರಿಯಬಾರದು. ಅಲ್ಯೂಮಿನಿಯಂ ಪಾತ್ರೆಯನ್ನು ಅದು ತಿಂದು ಹೈಡ್ರೋಜನ್ ಬಿಡುತ್ತದೆ, ಸ್ಟೀಲ್ ಪಾತ್ರೆಯೇ ಬೇಕು. ಮಕ್ಕಳು ಓಡಾಡುವ ಅಡುಗೆಮನೆ ಇದಕ್ಕೆ ತಕ್ಕ ಜಾಗವಲ್ಲ. ಒಬ್ಬೊಬ್ಬರು ಮನೆಯಲ್ಲಿ ಮಾಡುವ ಬದಲು ಸ್ತ್ರೀಶಕ್ತಿ ಸಂಘವೊಂದು ಒಂದು ಕೋಣೆ, ಒಂದು ನಿಖರ ತಕ್ಕಡಿ, ತರಬೇತಾದ ಇಬ್ಬರು ಎಂದು ಹೊಂದಿಸಿಕೊಂಡರೆ ಈ ಕೆಲಸ ಸುರಕ್ಷಿತವಾಗಿ ನಡೆಯುತ್ತದೆ.

ಹಾಗೆ ಮಾಡಿದ ಸೋಪಿನ ಚೀಟಿಯ ಮೇಲೆ ಯಾವ ಎಣ್ಣೆ ಎಷ್ಟು, ಬೇಸ್ ಆದರೆ ಅದರಲ್ಲಿ ಏನೇನಿದೆ, ಯಾವ ಬಗೆಯ ನೀರಿಗೆ ಹೊಂದುತ್ತದೆ ಎಂದು ಕನ್ನಡದಲ್ಲಿ ಬರೆಯಬೇಕು. ದೊಡ್ಡ ಕಂಪನಿ ಇಡೀ ದೇಶಕ್ಕೆ ಒಂದೇ ಸೋಪು ಮಾಡುತ್ತದೆ. ಮಧುಗಿರಿಯ ಬಾವಿಗೂ ಪಾವಗಡದ ಬೋರ್‌ವೆಲ್‌ಗೂ ಬೇರೆ ಬೇರೆ ಹದ ಹುಡುಕುವ ವ್ಯವಧಾನ ಅದಕ್ಕಿಲ್ಲ. ಊರಿನವರಿಗೆ ಅದು ಇದೆ, ನೀರೂ ಅವರ ಕಣ್ಣೆದುರಿಗೇ ಇದೆ. ಕೈಯಿಂದ ಮಾಡಿದ ಸೋಪಿಗೆ ಹೆಚ್ಚು ಬೆಲೆ ಕೇಳಲು ಅಚ್ಚಿನ ಚಂದಕ್ಕಿಂತ ಈ ತಿಳಿವಳಿಕೆಯೇ ಗಟ್ಟಿಯಾದ ಕಾರಣ.